ಮಕ್ಕಳ ರಕ್ತದ ರಿಪೋರ್ಟಲ್ಲಿ ಕ್ಯಾಲ್ಸಿಯಂ ಕಡಿಮೆ ಬಂದರೆ ಮೊದಲು ಏನು ನೋಡಬೇಕು

ಮಗಳ ರಿಪೋರ್ಟ್ ಹಿಡ್ಕೊಂಡು ಕುಂಬಳೆ ಬಸ್‌ಸ್ಟ್ಯಾಂಡಲ್ಲೇ ಗಾಬರಿಯಾದವಳು ನಾನು. ಕ್ಯಾಲ್ಸಿಯಂ 8.2, ಪಕ್ಕದಲ್ಲಿ ಕೆಳಮುಖ ಬಾಣ. ನೀವು ಹಾಗೆ ಮಾಡ್ಬೇಡಿ, ಮೊದಲು ಆಲ್ಬುಮಿನ್ ಸಾಲು ನೋಡಿ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 40ರಷ್ಟು ಈ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ, ಹಾಗಾಗಿ ಇದು ಇಳಿದರೆ ಕ್ಯಾಲ್ಸಿಯಂ ಅಂಕಿಯೂ ಸುಮ್ನೆ ಇಳಿದ ಹಾಗೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ 1 ಗ್ರಾಂ ಕಡಿಮೆ ಇದ್ದರೆ ಕ್ಯಾಲ್ಸಿಯಂಗೆ 0.8 ಸೇರಿಸಿ. ಅವಳದ್ದು 3 ಇತ್ತು, ಸೇರಿಸಿದರೆ 9. ಸರಿಯೇ ಇದೆ! ಆದರೆ ಆಲ್ಬುಮಿನ್ ಯಾಕೆ ಇಳಿಯಿತು ಅಂತ ಡಾಕ್ಟರ ಹತ್ತಿರ ಕೇಳಲೇಬೇಕು, ಲಿವರ್, ಕಿಡ್ನಿ ಕಾರಣವೂ ಇರಬಹುದು.

ರಕ್ತದಲ್ಲಿ ಸರಿ ಇದ್ದ ಮಾತ್ರಕ್ಕೆ ಮೂಳೆ ಗಟ್ಟಿ ಅಂತಲ್ಲ. ಕೊರತೆಯಾದಾಗ ದೇಹ ಮೂಳೆಯಿಂದಲೇ ಎಳೆದು ರಕ್ತಕ್ಕೆ ತುಂಬುತ್ತದೆ, ಕಳ್ಳ ಲೆಕ್ಕ ಅಲ್ವಾ! ಮೂಳೆ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್ ಬೇರೆಯೇ ಇದೆ, ಎಲ್ಲ ಮಕ್ಕಳಿಗೂ ಬೇಡ. ಮಾಡಿಸಿದರೆ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸುವ ಝಡ್ ಸ್ಕೋರ್ ನೋಡಿ, ಆರೋಗ್ಯವಂತ ಯುವ ವಯಸ್ಕರ ಜೊತೆ ಹೋಲಿಸುವ ಟಿ ಸ್ಕೋರ್ ದೊಡ್ಡವರಿಗೆ.

ಊಟದಲ್ಲಿ ಬರೀ ಗಂಜಿ, ಉಪ್ಪಿನಕಾಯಿ ಸಾಲದು. ಜೊತೆಗೆ ಹುರುಳಿ ಸಾರು, ಮೊಸರು, ಮುಳ್ಳು ಮೆತ್ತಗಾಗುವಷ್ಟು ಬೇಯಿಸಿದ ಸಣ್ಣ ಬೂತಾಯಿ ಇರಲಿ. ಮೀನು ತಿನ್ನದವರಿಗೆ ರಾಗಿ ಮಣ್ಣಿ. ಸಂಜೆ ಮೊಬೈಲ್ ಕಿತ್ತುಕೊಂಡು ಅಂಗಳಕ್ಕೆ ಕಳಿಸಿ, ಹಾರಿ ಕುಣಿದರೇ ಮೂಳೆ ಬಲಿಯೋದು.