ಪತ್ರದ ಮೂಲಕ ಬಂದ ವಧುವಿನ ಪ್ರೇಮಕಥೆಯನ್ನು ಬರೆಯುವ ಬಗೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಪ್ರಾಂತ್ಯದಲ್ಲಿ ಜಾಹೀರಾತು ಮತ್ತು ಪತ್ರಗಳ ಮೂಲಕ ಕುದುರಿದ ಮದುವೆಯನ್ನು ಕಥೆಯಾಗಿಸಲು ಹೊರಟವರು ಮೊದಲು ಇಸವಿಯನ್ನು ನಿಶ್ಚಯಿಸಿಕೊಳ್ಳಬೇಕು. 1869ರ ಮೇ ತಿಂಗಳಲ್ಲಿ ಯೂಟಾದ ಪ್ರಾಮಂಟರಿಯಲ್ಲಿ ಅಮೆರಿಕದ ಪೂರ್ವ-ಪಶ್ಚಿಮಗಳನ್ನು ಜೋಡಿಸುವ ಖಂಡಾಂತರ ರೈಲುಮಾರ್ಗ ಕೂಡಿಕೊಳ್ಳುವ ಮುನ್ನ, ಪಶ್ಚಿಮ ಕರಾವಳಿಗೆ ಹೊರಟ ಹೆಣ್ಣು ಬಂಡಿಯಲ್ಲೋ ಹಡಗಿನಲ್ಲೋ ದೀರ್ಘಕಾಲ ಪಯಣಿಸಬೇಕಿತ್ತು. ಹೆಂಗಸರ ಕೊರತೆ ನೀಗಿಸಲು ಏಸಾ ಮರ್ಸರ್ ಎಂಬಾತ 1864ರಲ್ಲಿ ವಾಯವ್ಯ ಕರಾವಳಿಯ ಸಿಯಾಟಲ್‌ಗೆ ಕರೆತಂದ ಯುವತಿಯರು ಪನಾಮಾ ಭೂಸಂಧಿಯನ್ನು ದಾಟಿಯೇ ಬಂದವರು.

ನಾಯಕಿ ಊರು ಬಿಟ್ಟ ಕಾರಣ ಗಟ್ಟಿಯಾಗಿರಲಿ. ಅಂತರ್ಯುದ್ಧದಲ್ಲಿ ಗಂಡಸರನ್ನು ಕಳೆದುಕೊಂಡ ಮನೆ, ಬಟ್ಟೆ ಗಿರಣಿಯ ದುಡಿಮೆ, ಸಾಲ ಇವೆಲ್ಲವೂ ನಂಬುವಂಥವು. ಅವಳನ್ನು ಕೇವಲ ಅಸಹಾಯಕಳಾಗಿ ಚಿತ್ರಿಸುವುದು ಇತಿಹಾಸಕ್ಕೂ ಅವಳಿಗೂ ಮಾಡುವ ಅನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ. ಏಕೆಂದರೆ ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 21 ವರ್ಷ ತುಂಬಿದ ಅವಿವಾಹಿತೆಯೂ 160 ಎಕರೆ ಜಮೀನಿಗೆ ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು, ಆದರೆ ಗಂಡನೊಡನೆ ಬಾಳುವ ವಿವಾಹಿತೆಗೆ ಸಾಮಾನ್ಯವಾಗಿ ಆ ಅವಕಾಶವಿರಲಿಲ್ಲ. ರೈಲಿನಿಂದಿಳಿದವಳಿಗೆ ಈ ಸಂಗತಿ ಮದುವೆಗೆ ಮುನ್ನವೇ ತಿಳಿದರೆ, ಅವಳ ಒಪ್ಪಿಗೆ ನಿಜವಾದ ಆಯ್ಕೆಯಾಗುತ್ತದೆ, ಕಥೆಗೂ ಬಲ ಬರುತ್ತದೆ.

ಪತ್ರಗಳನ್ನು ಪೂರ್ತಿಯಾಗಿ ಬರೆಯಿರಿ. ವರನು ‘ಮನೆ’ ಎಂದು ಬರೆದದ್ದು ಹುಲ್ಲುಹೆಂಟೆಗಳನ್ನು ಪೇರಿಸಿದ ಒಂದೇ ಕೋಣೆಯ ಗುಡಿಸಲಾಗಿರಬಹುದು, ಅವಳು ತನ್ನ ವಯಸ್ಸನ್ನು ಮುಚ್ಚಿಟ್ಟಿರಬಹುದು; ಇಂಥ ಸಣ್ಣ ಸುಳ್ಳುಗಳು ಬಯಲಾಗುವ ದೃಶ್ಯಗಳಿಗೆ ಧಾರಾಳವಾಗಿ ಪುಟಗಳನ್ನು ಕೊಡಿ. ಮದುವೆಯ ವಿಧಿಗೆ ಒಂದು ಪ್ಯಾರಾ ಸಾಕು.