ಲಾಂದ್ರ ಹಿಡಿದ ಹೆಂಗಸಿನ ಚಿತ್ರಕ್ಕೆ ಟ್ರೇಡ್‌ಮಾರ್ಕ್: ನನ್ನ ಅನುಭವ

ನಮ್ಮ ಸಂಸ್ಥೆಯಲ್ಲಿ ನಾವು ಸ್ವತಃ ಆಪ್ತಸಮಾಲೋಚನೆ ಮಾಡುವುದಿಲ್ಲ. ನೆರವು ಕೇಳಿ ಬಂದವರ ಮಾತು ಆಲಿಸಿ, ಅವರಿಗೆ ಹೊಂದುವ ಅರ್ಹ ಆಪ್ತಸಮಾಲೋಚಕರ ಬಳಿಗೆ ಕಳುಹಿಸಿಕೊಡುತ್ತೇವೆ. ಲಾಂಛನದ ನೋಂದಣಿಗೆ ಕುಳಿತಾಗ ಮೊದಲು ಇತ್ಯರ್ಥವಾಗಬೇಕಾದದ್ದು ಈ ವ್ಯತ್ಯಾಸವೇ.

ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸುವ ನೀಸ್ ವರ್ಗೀಕರಣದಲ್ಲಿ ಮನಶ್ಶಾಸ್ತ್ರಜ್ಞರ ಸೇವೆ 44ನೆಯ ವರ್ಗಕ್ಕೆ ಸೇರುತ್ತದೆ. ತಕ್ಕ ತಜ್ಞರತ್ತ ಕಳುಹಿಸಿಕೊಡುವ ಆಡಳಿತದ ಕೆಲಸಕ್ಕೆ 35ನೆಯ ವರ್ಗ. ಎರಡರಲ್ಲೂ ಅರ್ಜಿ ಹಾಕಿದರೆ ರಕ್ಷಣೆ ಹೆಚ್ಚು ಎಂಬ ಸಲಹೆ ಬಂತು; ನಾನು ಒಪ್ಪಲಿಲ್ಲ. ಮಾಡದ ಸೇವೆಯನ್ನು ಬರೆದುಕೊಂಡರೆ, ಬಳಕೆಯಿಲ್ಲವೆಂಬ ಕಾರಣಕ್ಕೆ ಆ ಭಾಗವನ್ನು ಮುಂದೆ ಯಾರಾದರೂ ರದ್ದು ಮಾಡಿಸಬಹುದು. ಅದಕ್ಕಿಂತ ಮುಖ್ಯವಾಗಿ, ಸಂಕಟದಲ್ಲಿರುವವರು ನಮ್ಮನ್ನೇ ಚಿಕಿತ್ಸಕರೆಂದು ತಿಳಿಯಬಾರದು.

ಚಿತ್ರ ಬರೆಸುವ ಮೊದಲೇ ಹುಡುಕಾಟ ನಡೆಸಿದೆ. ಚಿತ್ರಲಾಂಛನಗಳನ್ನು ಅವುಗಳಲ್ಲಿರುವ ವಸ್ತುಗಳ ಪ್ರಕಾರ ಗುರುತಿಸಲು ವಿಯೆನ್ನಾ ವರ್ಗೀಕರಣವಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಗತಿಕ ಬ್ರ್ಯಾಂಡ್ ದತ್ತಾಂಶ ಸಂಗ್ರಹದಲ್ಲಿ ಚಿತ್ರವನ್ನೇ ಏರಿಸಿ, ಹೋಲುವಂಥವನ್ನು ನೋಡಲೂ ಬರುತ್ತದೆ. ಹೃದಯ, ಕೂಡಿದ ಕೈಗಳು, ತಲೆಯೊಳಗೆ ಬೆಳೆದ ಮರ: ಈ ಕ್ಷೇತ್ರದಲ್ಲಿ ಎಲ್ಲೆಲ್ಲೂ ಇವೇ. ಇಂಥ ದಟ್ಟಣೆಯಲ್ಲಿ ಇನ್ನೊಂದು ಹೃದಯವನ್ನು ಕಾಪಾಡಿಕೊಳ್ಳುವುದು ಬಹಳ ಕಷ್ಟ. ಕವಲುದಾರಿಯಲ್ಲಿ ಲಾಂದ್ರ ಎತ್ತಿ ಹಿಡಿದು ನಿಂತ ಹೆಂಗಸು ನಮ್ಮ ಕೆಲಸವನ್ನೂ ಹೇಳುತ್ತಿದ್ದಳು, ಬೇರೆಯವರನ್ನು ಹೋಲುತ್ತಲೂ ಇರಲಿಲ್ಲ. ವಿಯೆನ್ನಾ ವರ್ಗೀಕರಣದ ಮನುಷ್ಯರು, ಭೂದೃಶ್ಯ, ದೀಪಗಳು ಎಂಬ ಮೂರು ವಿಭಾಗಗಳಲ್ಲಿ ಮತ್ತೆ ಹುಡುಕಿದ ಮೇಲೆಯೇ ಮುಂದುವರಿದೆ.

ಕಲಾವಿದೆಯಿಂದ ಕೃತಿಸ್ವಾಮ್ಯವನ್ನು ಲಿಖಿತವಾಗಿ ವರ್ಗಾಯಿಸಿಕೊಂಡೆವು. ಹಣ ಕೊಟ್ಟ ಮಾತ್ರಕ್ಕೆ ಚಿತ್ರ ನಮ್ಮದಾಗುತ್ತದೆ ಎಂಬ ನಂಬಿಕೆ ಅನೇಕ ದೇಶಗಳ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅರ್ಜಿ ಸಲ್ಲಿಸಿದ ಮೇಲೆ ಗುರುತನ್ನು ಗಣನೀಯವಾಗಿ ಬದಲಿಸಲು ಬಾರದು. ಹಾಗಾಗಿ ಅಂಚೆಚೀಟಿಯ ಅಳತೆಗೆ ಕುಗ್ಗಿಸಿ, ಮಾಯವಾಗುವ ಗೆರೆಗಳನ್ನು ಅವರಿಂದಲೇ ತೆಗೆಸಿದೆ. ಬಣ್ಣಕ್ಕೆ ಕಟ್ಟುಬೀಳದಂತೆ ಕಪ್ಪುಬಿಳುಪಿನಲ್ಲೇ ಸಲ್ಲಿಸಿದೆವು. ಸಂಸ್ಥೆಯ ಹೆಸರಿಗೆ ಪ್ರತ್ಯೇಕ ಅರ್ಜಿ ಹಾಕಿದೆವು. ಅದರಲ್ಲಿರುವ 'ಆಪ್ತಸಮಾಲೋಚನೆ' ಎಂಬ ಪದದ ಮೇಲೆ ಯಾರಿಗೂ ಏಕಸ್ವಾಮ್ಯ ಸಿಗುವುದಿಲ್ಲ, ಸಿಗಲೂಬಾರದು.

ಪರಿಶೀಲನೆ, ಪ್ರಕಟಣೆ, ಆಕ್ಷೇಪಣೆಯ ಅವಧಿ ಎಲ್ಲ ಮುಗಿದು ನೋಂದಣಿಯಾಗುವವರೆಗೆ ಲಾಂಛನದ ಪಕ್ಕದಲ್ಲಿ 'ಟಿಎಂ' (ಟ್ರೇಡ್‌ಮಾರ್ಕ್ ಎಂಬುದರ ಕಿರುರೂಪ) ಎಂದಷ್ಟೇ ಬಳಸಿದೆವು. ಈಗ ಹೊಸದಾಗಿ ಪ್ರಕಟವಾಗುವ ಅರ್ಜಿಗಳಲ್ಲಿ ಅದೇ ಮೂರು ವಿಭಾಗಗಳನ್ನು ಆಗಾಗ ನೋಡುತ್ತಿರುತ್ತೇನೆ. ಹೋಲುವ ಚಿತ್ರವೇನಾದರೂ ಕಂಡರೆ, ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬೇಕಾದವರು ನಾವೇ.