ವೈರ್‌ಲೆಸ್ ಮೈಕಿನ ನಿಜವಾದ ಫ್ರೀಕ್ವೆನ್ಸಿ: ಅಳೆದು ನೋಡಿದ ನನ್ನ ಅನುಭವ

ಹುಬ್ಬಳ್ಳಿ ಸುತ್ತಮುತ್ತ ಮದುವೆ, ಜಾತ್ರೆ, ಗಣೇಶೋತ್ಸವಕ್ಕೆ ಮೈಕ್‌ಸೆಟ್ ಹಾಕುವುದು ನನ್ನ ಕೆಲಸ. ವೈರ್‌ಲೆಸ್ ಮೈಕ್ ಒಂದೋ ಎರಡೋ ಇದ್ದರೆ ತಲೆನೋವಿಲ್ಲ. ನಾಲ್ಕಾದರೆ ಸಾಕು, ಎಲ್ಲೋ ಒಂದು ಗೊರಗೊರ ಅನ್ನಲು ಶುರು ಮಾಡುತ್ತದೆ. ಅಗ್ಗದ ಸೆಟ್‌ಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ಒಂದು ನಂಬರ್ ಇರುತ್ತದೆ, ಮೈಕ್ ಹೊರಡಿಸುವುದು ಇನ್ನೊಂದು. ಅದಕ್ಕೇ ಟೈನಿಎಸ್‌ಎ ಅಲ್ಟ್ರಾ ಅನ್ನುವ, ಕೈಯಲ್ಲಿ ಹಿಡಿಯುವಂಥ ಸ್ಪೆಕ್ಟ್ರಮ್ ಅನಲೈಸರ್ ತರಿಸಿಕೊಂಡೆ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಜೋರಾದ ಸಿಗ್ನಲ್ ಇದೆ ಅಂತ ಪರದೆಯ ಮೇಲೆ ಕಡ್ಡಿಯಂತೆ ತೋರಿಸುವ ಮಷೀನ್ ಇದು.

ಕಣ್ಣಿಗೆ ರೂಢಿಯಾಗಲಿ ಅಂತ ಮೊದಲು ಹಿಡಿದದ್ದು ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಜ್. ಒಂದೆರಡು ಮೀಟರ್ ವೈರ್ ಆಂಟೆನಾ ಆಗಿ ಸಾಕು. ಸ್ಪ್ಯಾನ್ (ಪರದೆಯಲ್ಲಿ ಕಾಣುವ ಫ್ರೀಕ್ವೆನ್ಸಿಯ ಅಗಲ) 10 ಕಿಲೋಹರ್ಟ್ಜ್‌ಗೆ ಇಳಿಸಿ, ಆರ್‌ಬಿಡಬ್ಲ್ಯೂ (ಒಂದು ಸಲಕ್ಕೆ ಮಷೀನ್ ಅಳೆಯುವ ತುಣುಕಿನ ಅಗಲ) 200 ಹರ್ಟ್ಜ್ ಇಟ್ಟರೆ ನಡುವೆ ಕ್ಯಾರಿಯರ್, ಅಂದರೆ ಸ್ಟೇಷನ್ನಿನ ಮೂಲ ಸಿಗ್ನಲ್, ಅಲುಗಾಡದೆ ನಿಲ್ಲುತ್ತದೆ. ಮಾತು ಬಂದಾಗ ಎರಡೂ ಕಡೆ ಆ ಮಾತನ್ನು ಹೊತ್ತ ಸೈಡ್‌ಬ್ಯಾಂಡ್ ಏಳುತ್ತವೆ, ಮಾತು ನಿಂತರೆ ಮಲಗುತ್ತವೆ. ನೋಡಲು ಚೆಂದ. ಆದರೆ ಮಷೀನಿನ ನಿಖರತೆ ಪರೀಕ್ಷಿಸಲು ಇದು ಉಪಯೋಗಕ್ಕೆ ಬರುವುದಿಲ್ಲ. ಹತ್ತು ಲಕ್ಷಕ್ಕೆ ಒಂದರಷ್ಟು ತಪ್ಪಿದ್ದರೆ 765 ಕಿಲೋಹರ್ಟ್ಜ್‌ನಲ್ಲಿ 1 ಹರ್ಟ್ಜ್ ವ್ಯತ್ಯಾಸವೂ ಬರುವುದಿಲ್ಲ. ಅದೇ ತಪ್ಪು 660 ಮೆಗಾಹರ್ಟ್ಜ್‌ನಲ್ಲಿ 660 ಹರ್ಟ್ಜ್ ಆಗುತ್ತದೆ. ಮೈಕಿಗೆ ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ ಬಿಡಿ.

ಮೈಕ್ ಅಳೆಯುವಾಗ ನಿಜವಾಗಿ ದಾರಿ ತಪ್ಪಿಸುವುದು ಸ್ಪ್ಯಾನ್. ಪರದೆಯ ಮೇಲೆ ಅಡ್ಡಕ್ಕೆ 450 ಬಿಂದುಗಳಿವೆ. 60 ಮೆಗಾಹರ್ಟ್ಜ್ ಅಗಲ ಇಟ್ಟರೆ ಒಂದೊಂದು ಬಿಂದುವಿಗೆ ಸುಮಾರು 133 ಕಿಲೋಹರ್ಟ್ಜ್ ಬರುತ್ತದೆ. ಆಗ ಮಾರ್ಕರ್ (ಫ್ರೀಕ್ವೆನ್ಸಿ ಓದುವ ಗುರುತು) ದಶಾಂಶದ ನಂತರ ಎಷ್ಟೇ ಅಂಕಿ ತೋರಿಸಲಿ, ಸುಮ್ನೆ ಅಲಂಕಾರ. ಅಗಲ ಇಟ್ಟು ಪೀಕ್ (ಕಡ್ಡಿಯ ತುದಿ) ಹುಡುಕಬೇಕು, ಅದನ್ನು ನಡುವೆ ತರಬೇಕು, ಸ್ಪ್ಯಾನ್ ಅನ್ನು 450 ಕಿಲೋಹರ್ಟ್ಜ್‌ಗೆ ಇಳಿಸಿ ಆಮೇಲೆ ಓದಬೇಕು. ಆರ್‌ಬಿಡಬ್ಲ್ಯೂ 3 ಕಿಲೋಹರ್ಟ್ಜ್ ಇಡುತ್ತೇನೆ. ಅದನ್ನು ಹತ್ತು ಪಟ್ಟು ಕಿರಿದು ಮಾಡಿದರೆ ನಾಯ್ಸ್ ಫ್ಲೋರ್ (ಪರದೆಯ ತಳದಲ್ಲಿ ಸದಾ ಇರುವ ಗದ್ದಲದ ಮಟ್ಟ) 10 ಡಿಬಿ ಕೆಳಗಿಳಿಯುತ್ತದೆ, ಸಣ್ಣ ಸಿಗ್ನಲ್ ಕೂಡ ಕಾಣುತ್ತದೆ. ಆದರೆ ಸ್ವೀಪ್ (ಪರದೆ ಒಂದು ಸಲ ಪೂರ್ತಿ ಬರೆಯುವುದು) ತುಂಬಾ ನಿಧಾನ. ಇನ್ನೊಂದು ಮಾತು: ಮೈಕ್ ಆನ್ ಇರಬೇಕು, ಆದರೆ ಅದರಲ್ಲಿ ಯಾರೂ ಮಾತಾಡಬಾರದು. ಇವು ಎಫ್‌ಎಂ ಮೈಕ್‌ಗಳು, ದನಿಗೆ ತಕ್ಕಂತೆ ಫ್ರೀಕ್ವೆನ್ಸಿಯೇ ಅತ್ತಿತ್ತ ಆಗುತ್ತದೆ. ‘ಹಲೋ ಹಲೋ’ ಅಂದ ಕೂಡಲೇ ಪೀಕ್ ಅಗಲವಾಗಿ ಅತ್ತಿತ್ತ ಓಡಾಡುತ್ತದೆ.

ಗದಗಿನಲ್ಲಿ ಒಂದು ಜಾತ್ರೆಯ ವೇದಿಕೆ. ಮೊದಲ ಮೂರು ಮೈಕ್ 660, 662, 664 ಮೆಗಾಹರ್ಟ್ಜ್ ಆಸುಪಾಸಿನಲ್ಲಿದ್ದವು. ನಮ್ಮ ಹುಡುಗ ಪರದೆ ನೋಡುತ್ತಾ ಕೂಗಿದ: “ಅಣ್ಣಾ, ಮೂರನೇ ಮೈಕ್ ಆಫ್ ಐತ್ರಿ, ಆದ್ರೂ 664ರಾಗ ಕಡ್ಡಿ ನಿಂತೈತಲ್ರಿ!”

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 662ರ ಎರಡು ಪಟ್ಟಿನಲ್ಲಿ 660 ಕಳೆದರೆ 664. ಎರಡು ಜೋರಾದ ಸಿಗ್ನಲ್ ಒಟ್ಟಿಗೆ ಸೇರಿದಾಗ ಹುಟ್ಟುವ ಇಂಟರ್‌ಮಾಡ್ಯುಲೇಷನ್ ಇದು. ಆದರೆ ಅದು ಹುಟ್ಟಿದ್ದೆಲ್ಲಿ, ಮೈಕ್‌ಗಳ ನಡುವೆಯೋ, ನನ್ನ ಮಷೀನಿನ ಹೊಟ್ಟೆಯೊಳಗೋ? ಮಷೀನಿನಲ್ಲಿ ಅಟೆನ್ಯುಯೇಷನ್ (ಒಳಬರುವ ಸಿಗ್ನಲ್ ತಗ್ಗಿಸುವುದು) 10 ಡಿಬಿ ಜಾಸ್ತಿ ಮಾಡಿದೆ. ಹೊರಗಿನಿಂದ ಬಂದ ಸಿಗ್ನಲ್ ಆದರೆ ಓದಿಕೆ ಬದಲಾಗಬಾರದು, ಮಷೀನ್ ತಾನೇ ಅದನ್ನು ಸರಿದೂಗಿಸುತ್ತದೆ. 660, 662 ನಿಂತಲ್ಲೇ ನಿಂತವು. 664 ತುಸು ಕುಸಿಯಿತು, ಪೂರ್ತಿ ಹೋಗಲಿಲ್ಲ. ಅಂದರೆ ಒಂದಿಷ್ಟು ಮಷೀನಿನದು, ಉಳಿದದ್ದು ನಿಜ. ಮೈಕ್ ಎರಡೂ ಟೇಬಲ್ ಮೇಲೆ ಒಂದಕ್ಕೊಂದು ತಾಗಿಕೊಂಡು ಮಲಗಿದ್ದವು. ಹುಡುಗ ಒಂದನ್ನು ಎತ್ತಿಕೊಂಡು ವೇದಿಕೆಯ ಆ ತುದಿಗೆ ಹೋದ. ಕಡ್ಡಿ ಮಾಯ. ಮೈಕ್‌ಗಳನ್ನು ಹೀಗೆ ಅಂಟಿಸಿ ಇಡಬೇಡಿ ಅಂತ ಕಾರ್ಯಕ್ರಮದವರಿಗೆ ಎಷ್ಟು ಹೇಳಿದರೂ ಕೇಳುವುದಿಲ್ಲ. ಹಾಗಾಗಿ ಫ್ರೀಕ್ವೆನ್ಸಿಯನ್ನೇ ಬದಲಿಸಿದೆ: 660.0, 661.2, 663.9. ಅಂತರ ಸಮ ಇರಬಾರದು, ಅಷ್ಟೇ. ಈ ಮೂರನ್ನು ಮೇಲಿನಂತೆ ಕೂಡಿ ಕಳೆದರೆ ಹುಟ್ಟುವ ಕಡ್ಡಿ ಇವುಗಳ ಮೇಲೆ ಬೀಳುವುದಿಲ್ಲ. ನಾಲ್ಕನೆಯದು ಫ್ರೀಕ್ವೆನ್ಸಿ ಬದಲಿಸಲು ಬಾರದ ಹಳೇ ಸೆಟ್, ಅದರ ಜಾಗಕ್ಕೆ ವೈರ್ ಮೈಕ್ ಕೊಟ್ಟೆ.

758ರಿಂದ 803 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುವ ಹಳೇ ಮೈಕ್‌ಗಳನ್ನು ನಾನು ಈಗ ತರುವುದೇ ಇಲ್ಲ. 700 ಬ್ಯಾಂಡಿನಲ್ಲಿ ಟವರ್‌ನಿಂದ ಫೋನಿಗೆ ಬರುವ ಸಿಗ್ನಲ್‌ನ ಜಾಗ ಅದು. 2022ರ ಹರಾಜಿನಲ್ಲಿ ಆ ಬ್ಯಾಂಡಿನ ಒಂದು ಭಾಗ ಮಾರಾಟವಾಗಿ 5ಜಿಗೆ ಬಳಕೆಯಾಗುತ್ತಿದೆ. ಪರದೆಯಲ್ಲಿ ಅದು ಕಡ್ಡಿಯಂತೆ ಕಾಣುವುದಿಲ್ಲ, ತಲೆ ಚಪ್ಪಟೆಯಾದ ಗೋಡೆಯಂತೆ ಕಾಣುತ್ತದೆ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಹೋಗಿ ನೋಡಿ, ಊರಿನ ಟವರ್‌ಗಳೆಲ್ಲ ಎದುರಿಗೇ ಇದ್ದಂತೆ. ಅಲ್ಲಿ ಅಟೆನ್ಯುಯೇಷನ್ ಇಲ್ಲದೆ ಮಷೀನ್ ತೋರಿಸಿದ್ದೆಲ್ಲ ನಂಬುವಂತಿಲ್ಲ.

ಎಲ್‌ಇಡಿ ವಾಲ್ ಇನ್ನೊಂದು ಕಾಟ. ಅದು ಆನ್ ಆದರೆ ಹತ್ತಿರದಲ್ಲಿ ನಾಯ್ಸ್ ಫ್ಲೋರ್ ಇಡಿಯಾಗಿ ಮೇಲೇಳುತ್ತದೆ. ಕೆಲವು ವಾಲ್‌ಗಳು ಹತ್ತು ಡಿಬಿಗಿಂತ ಜಾಸ್ತಿ ಎತ್ತುತ್ತವೆ. ಅದಕ್ಕೇ ಜಾಗಕ್ಕೆ ಹೋದ ಕೂಡಲೇ ಮೈಕ್ ಎಲ್ಲ ಆಫ್, ವಾಲ್ ಆನ್, ಅಂಥ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡುತ್ತೇನೆ. ಖಾಲಿ ಕಂಡ ಜಾಗಕ್ಕೆ ಮೈಕ್ ಕೂರಿಸುತ್ತೇನೆ. ರಿಸೀವರ್ ಅನ್ನು ವಾಲ್‌ನಿಂದಲೂ ಮೈಕ್‌ಗಳಿಂದಲೂ ಕೆಲವು ಮೀಟರ್ ದೂರ ಇಡುತ್ತೇನೆ.

ಸ್ವಯಂಸೇವಕರ ವಾಕಿಟಾಕಿಯನ್ನು ಮಾತ್ರ ಯಾರಾದರೂ “ಇದನ್ನೂ ಚೆಕ್ ಮಾಡ್ರಿ” ಅಂತ ತಂದರೆ ನೇರವಾಗಿ ಕೇಬಲ್ ಜೋಡಿಸಬೇಡಿ. 5 ವ್ಯಾಟ್ ಅಂದರೆ 37 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಅಳತೆ), ಮಷೀನಿನ ಇನ್‌ಪುಟ್ ಸುಟ್ಟುಹೋಗುತ್ತದೆ. ನಡುವೆ 40 ಡಿಬಿ ಅಟೆನ್ಯುಯೇಟರ್ ಹಾಕಿದರೆ ಮೈನಸ್ 3 ಡಿಬಿಎಂಗೆ ಇಳಿಯುತ್ತದೆ. ಅದು 5 ವ್ಯಾಟಿನ ಶಾಖ ತಾಳುವಂಥದ್ದೇ ಇರಬೇಕು. ಬೆರಳಿನಷ್ಟಿರುವ ಎಸ್‌ಎಂಎ ಅಟೆನ್ಯುಯೇಟರ್‌ಗಳು ಬಹಳಷ್ಟು 2 ವ್ಯಾಟಿನವು, ಮೇಲೆ ಬರೆದದ್ದನ್ನು ಓದಿ ಕೊಳ್ಳಿ.